ನಮ್ಮ ಶಾಲೆ ಗೋಡೆಗೆ ಸುನಿಲ್ ಛೆಟ್ರಿ ಕಥೆ ಬರೆದುಕೊಟ್ಟ ಪೇಂಟರ್

ದಾವಣಗೆರೆಯಲ್ಲಿ ಗೋಡೆ ಬರಹ ಮಾಡಿಸಬೇಕು ಅಂತ ಯೋಚನೆ ಮಾಡ್ತಿರುವ ಶಾಲೆಗಳಿಗೆ ಇದನ್ನು ಬರೀತಾ ಇದ್ದೇನೆ. ನಾನು ಊರಂಚಿನ ಒಂದು ಸರ್ಕಾರಿ ಪ್ರೌಢಶಾಲೆಯ ಪಿಟಿ ಟೀಚರ್. 2024ರ ಬೇಸಿಗೆ ರಜೆಯಲ್ಲಿ ನಮ್ಮ ಆಟದ ಮೈದಾನದ ಕಾಂಪೌಂಡ್ ಗೋಡೆ ಮೇಲೆ ಭಾರತದ ಫುಟ್‌ಬಾಲ್ ಆಟಗಾರ ಸುನಿಲ್ ಛೆಟ್ರಿಯ ಪೂರ್ತಿ ಆಟದ ಬದುಕು ಬರೆಸಿದೆವು. ಯಾವ ಕ್ಲಬ್‌ಗೆ ಎಷ್ಟು ವರ್ಷ ಆಡಿದರು, ದೇಶಕ್ಕೆ ಎಲ್ಲೆಲ್ಲಿ ಗೋಲು ಹೊಡೆದರು, ಎಲ್ಲಾ ಇದೆ. ಒಂದು ಮಳೆಗಾಲ, ಒಂದು ಪೂರ್ತಿ ಬೇಸಿಗೆ ಕಳೆದ ಮೇಲೆ ಈಗ ಧೈರ್ಯವಾಗಿ ಹೇಳಬಹುದು. ಈ ಪೇಂಟರ್ ಕೈಗೆ ಕೆಲಸ ಕೊಡಿ.

ಅವರ ಹೆಸರು, ಫೋನ್ ನಂಬರ್ ಇಲ್ಲಿ ಹಾಕಬೇಡಿ ಅಂದಿದ್ದಾರೆ. ಏಣಿ ಮೇಲೆ ನಿಂತಾಗ ಫೋನ್ ಬಂದರೆ ಕೈ ಅಲುಗುತ್ತದೆ ಅನ್ನೋದು ಅವರ ಕಷ್ಟ. ಚಾಮರಾಜಪೇಟೆ ಸರ್ಕಲ್ ಸುತ್ತಮುತ್ತ ಪೇಂಟ್ ಅಂಗಡಿಗಳಲ್ಲಿ 'ಬೋರ್ಡ್ ಬರೆಯೋ ಹಿರಿಯರು' ಅಂತ ಕೇಳಿ, ತೋರಿಸ್ತಾರೆ. ಮಂಡಿಪೇಟೆಯ ಎಷ್ಟೋ ಹಳೇ ಅಂಗಡಿ ಬೋರ್ಡು ಅವರ ಕೈಯವೇ.

ಮೊದಲು ನಾವು ಫ್ಲೆಕ್ಸ್ ಹಾಕಿಸಿದ್ದೆವು. ಅಂಗಡಿಯವರು ಕಂಪ್ಯೂಟರ್‌ನಲ್ಲಿ ಫಾಂಟ್ ಬದಲಿಸುವಾಗ ಒತ್ತಕ್ಷರ ಎಲ್ಲಾ ಚೆಲ್ಲಾಪಿಲ್ಲಿ ಆಗಿತ್ತು. ಹಂಗೇ ಪ್ರಿಂಟ್ ಹೊಡೆದು ಕೊಟ್ಟರು. ಗಾಳಿಗೆ ಒಂದು ಮೂಲೆ ಹರಿಯಿತು, ಆಮೇಲೆ ಪೂರ್ತಿ ಹರಿಯಿತು. ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧ ಮಾಡಿದೆ. ಶಾಲೆಯವರೇ ಅದನ್ನು ಕಟ್ಟಿದರೆ ಮಕ್ಕಳಿಗೆ ಏನು ಹೇಳೋದು? ಗೋಡೆಗೇ ಬರೆಸೋಣ ಅಂತ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ತೀರ್ಮಾನ ಆಯಿತು. ಹಳೇ ವಿದ್ಯಾರ್ಥಿಗಳು ದುಡ್ಡು ಕೂಡಿಸಿದರು.

ಛೆಟ್ರಿಯೇ ಯಾಕೆ ಅಂತ ಕೇಳಿದವರಿದ್ದಾರೆ. ನಮ್ಮೂರು ಕುಸ್ತಿ, ಕಬಡ್ಡಿ, ಕ್ರಿಕೆಟ್ ಊರು. ಕ್ರಿಕೆಟಿಗ ವಿನಯ್ ಕುಮಾರ್ ದಾವಣಗೆರೆಯವರೇ, ಅವರ ಹೆಸರು ಪ್ರತಿ ಮನೆಗೂ ಗೊತ್ತು. ಫುಟ್‌ಬಾಲ್ ಅಂದರೆ ಮಕ್ಕಳಿಗೆ ಮೆಸ್ಸಿ, ರೊನಾಲ್ಡೊ ಮಾತ್ರ. ಬೆಂಗಳೂರಿನ ಕಂಠೀರವದಲ್ಲಿ ಹತ್ತು ವರ್ಷ ಆಡಿದ ಮನುಷ್ಯನ ಬಗ್ಗೆ ರೈಲಿನಲ್ಲಿ ಅರ್ಧ ದಿನ ದೂರ ಇರುವ ನಮ್ಮ ಮಕ್ಕಳಿಗೆ ಗೊತ್ತಿಲ್ಲ ಅಂದರೆ ಬೇಜಾರಾಗುತ್ತದೆ ಅಲ್ವಾ? ಇನ್ನೊಂದು ಕಾರಣ ಇದೆ, ನನಗೆ ಅದೇ ದೊಡ್ಡದು. ಛೆಟ್ರಿ ಬದುಕಿನಲ್ಲಿ ಗೆಲುವಿನಷ್ಟೇ ಕಾಯುವಿಕೆಯೂ ಇದೆ. ಹದಿನಾಲ್ಕು ವರ್ಷದ ಮಗು ಅದನ್ನು ಓದಬೇಕು.

ಪೇಂಟರ್‌ಗೆ ಎರಡು ಪುಟ ಬರೆದು ಕೊಟ್ಟೆ. ಸಾಮಾನ್ಯವಾಗಿ ಬೋರ್ಡ್ ಬರೆಯುವವರು ಅಕ್ಷರ ಎಣಿಸಿ ರೇಟು ಹೇಳಿ ಹೋಗ್ತಾರೆ. ಇವರು ಬೇವಿನ ಮರದ ಕೆಳಗೆ ಕೂತು ಪೂರ್ತಿ ಓದಿದರು. ಆಮೇಲೆ ಕೇಳಿದ ಪ್ರಶ್ನೆ ಇದು: "ಮೇಡಂ, ಇವರು ಒಂದೊಂದು ಕಡೆ ಎಷ್ಟೆಷ್ಟು ವರ್ಷ ಇದ್ರು ಅನ್ನೋದು ದೂರದಿಂದ್ಲೇ ಕಾಣಬೇಕಲ್ರೀ? ಎಲ್ಲಾ ಒಂದೇ ಸೈಜ್ ಬರೆದ್ರೆ ಏನ್ ಗೊತ್ತಾಗ್ತದೆ?"

ಅವರೇ ದಾರಿ ಹೇಳಿದರು. ಗೋಡೆ 27 ಅಡಿ ಉದ್ದ ಇದೆ. ವರ್ಷಕ್ಕೆ ಒಂದು ಅಡಿ. ಮೇಲೆ ಒಂದು ಪಟ್ಟಿ, ಅದು ಕ್ಲಬ್. ಕೆಳಗೆ ಇನ್ನೊಂದು ಪಟ್ಟಿ, ಅದು ದೇಶ. ಮೇಲೆ ಕೆಳಗೆ ಎರಡಕ್ಕೂ ವರ್ಷ ಒಂದೇ. ಎಡಗಡೆ ಒಂದು ಅಡಿ ಬಿಟ್ಟು 2002ರಿಂದ ಶುರು. 2024ಕ್ಕೆ ಬಂದಾಗ ಬಲಗಡೆ ಇನ್ನೂ ಮೂರು ಅಡಿ ಉಳಿಯುತ್ತಿತ್ತು. ಅಲ್ಲಿ ದೊಡ್ಡದಾಗಿ ಶಾಲೆ ಹೆಸರು ಬರೆಸೋಣ ಅಂತ ನಮ್ಮ ಹೆಡ್‌ಮಾಸ್ಟರ್ ಅಂದರು. ಪೇಂಟರ್ ಒಪ್ಪಲಿಲ್ಲ. "ಇನ್ನೂ ಆಡ್ತಾ ಅದಾರಲ್ರೀ ಸರ್. ಜಾಗ ಇರ್ಲಿ." ಶಾಲೆ ಹೆಸರು ಮೇಲಿನ ಅಂಚಿಗೆ ಹೋಯಿತು.

ಕೆಲಸದ ಕ್ರಮ ಹೇಳ್ತೀನಿ, ಬೇರೆಯವರ ಹತ್ತಿರ ಮಾಡಿಸಿದರೂ ಇದನ್ನು ಕೇಳಿ ಮಾಡಿಸಿ. ಮೊದಲು ಹಳೇ ಸುಣ್ಣವನ್ನು ಪೂರ್ತಿ ಕೆರೆದರು. ಸುಣ್ಣದ ಮೇಲೆಯೇ ಬಣ್ಣ ಬಳಿದರೆ ಚಕ್ಕೆ ಏಳುತ್ತದೆ. ಬಿರುಕಿಗೆ ಸಿಮೆಂಟು, ಆಮೇಲೆ ಪುಟ್ಟಿ, ಒಣಗಿದ ಮೇಲೆ ಪಾಲಿಷ್ ಪೇಪರ್ ಹಾಕಿ ಉಜ್ಜಿದರು. ನಂತರ ಪ್ರೈಮರ್, ಅದರ ಮೇಲೆ ಹೊರಗೋಡೆಯ ಎಮಲ್ಷನ್ ಎರಡು ಕೋಟ್. ನೆಲದಿಂದ ಒಂದು ಅಡಿ ಎತ್ತರಕ್ಕೆ ಕಪ್ಪು ಬಣ್ಣ ಮಾತ್ರ, ಅಲ್ಲಿ ಅಕ್ಷರವೇ ಇಲ್ಲ. ಮಳೆ ಬಂದಾಗ ನಮ್ಮ ಎರೆಮಣ್ಣು ಸಿಡಿದು ಅಷ್ಟು ಎತ್ತರ ಹೊಲಸಾಗುತ್ತದೆ ಅನ್ನೋದು ಅವರಿಗೆ ಗೊತ್ತಿತ್ತು. ಈ ವರ್ಷದ ಮೊದಲ ಮಳೆ ಆದ ಮೇಲೆ ನೋಡಿದೆ. ಕೆಸರು ಸರಿಯಾಗಿ ಆ ಕಪ್ಪು ಪಟ್ಟಿಯಲ್ಲೇ ನಿಂತಿದೆ.

ಬರೆಯುವುದನ್ನು ನೋಡೋದೇ ಒಂದು ಸುಖ. ದಾರಕ್ಕೆ ನೀಲಿ ಪುಡಿ ಹಚ್ಚಿ, ಆ ತುದಿ ಒಬ್ಬ ಹುಡುಗ, ಈ ತುದಿ ಇವರು ಹಿಡಿದು ಒಮ್ಮೆ ಮೀಟಿದರೆ ಗೋಡೆ ಮೇಲೆ ನೇರ ಗೆರೆ. ಎಡಗೈಯಲ್ಲಿ ಒಂದು ಕೋಲು, ಅದರ ತುದಿಗೆ ಬಟ್ಟೆ ಉಂಡೆ. ಅದನ್ನು ಗೋಡೆಗೆ ಆನಿಸಿ, ಅದರ ಮೇಲೆ ಬಲಗೈ ಮಣಿಕಟ್ಟು ಇಟ್ಟು ಬರೀತಾರೆ. ಬ್ರಷ್ಷನ್ನು ಎತ್ತದೆ ಒಂದೇ ಎಳೆತಕ್ಕೆ ತಲೆಕಟ್ಟು ಮುಗಿಯುತ್ತದೆ. ಛೆಟ್ರಿ ದೇಶಕ್ಕೆ ಮೊದಲ ಪಂದ್ಯ ಆಡಿದ ಊರು 'ಕ್ವೆಟ್ಟಾ' ಬರೆಯುವಾಗ ಮೊದಲು ಒತ್ತಿಗೆ ಎಷ್ಟು ಜಾಗ ಬೇಕು ಅಂತ ಬೆರಳಲ್ಲಿ ಅಳೆದುಕೊಂಡರು. ಫ್ಲೆಕ್ಸ್ ಅಂಗಡಿಯಲ್ಲಿ ಮುರಿದು ಬಿದ್ದಿದ್ದ ಅದೇ ಒತ್ತು ಇಲ್ಲಿ ದುಂಡಗೆ ಕೂತಿದೆ.

ಈಗ ಗೋಡೆ ಮೇಲೆ ಏನಿದೆ ಅಂತ ಹೇಳಲೇಬೇಕು. ಎಡ ಅಂಚಿನಲ್ಲಿ ಹುಟ್ಟು: 1984 ಆಗಸ್ಟ್ 3, ಸಿಕಂದರಾಬಾದ್. ತಂದೆ ಸೈನ್ಯದಲ್ಲಿದ್ದವರು, ತಾಯಿ ನೇಪಾಳ ತಂಡಕ್ಕೆ ಫುಟ್‌ಬಾಲ್ ಆಡಿದವರು. ತಾಯಿಯ ಸಾಲನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ ಅಂದೆ. ನಮ್ಮ ಹೆಣ್ಣುಮಕ್ಕಳ ತಂಡಕ್ಕೆ ಅದು ಬೇಕು.

ಮೇಲಿನ ಪಟ್ಟಿಯಲ್ಲಿ ಮೊದಲ ಮೂರು ಅಡಿ ಹಸಿರು, ಕೆಂಗಂದು. ಅದು ಕೋಲ್ಕತ್ತದ ಮೋಹನ್ ಬಾಗಾನ್, 2002ರಿಂದ 2005. ಆಮೇಲೆ ಮೂರು ಅಡಿ ಪಂಜಾಬಿನ ಜೆಸಿಟಿ. ಅಲ್ಲಿಂದ ಪಟ್ಟಿ ತುಂಡು ತುಂಡು ಆಗುತ್ತದೆ. 2008ರಲ್ಲಿ ಈಸ್ಟ್ ಬೆಂಗಾಲ್, 2009ರಲ್ಲಿ ಗೋವಾದ ಡೆಂಪೊ, 2010ರಲ್ಲಿ ಅಮೆರಿಕದ ಕಾನ್ಸಸ್ ಸಿಟಿ ವಿಜರ್ಡ್ಸ್, 2011ರಲ್ಲಿ ಚಿರಾಗ್ ಯುನೈಟೆಡ್, ಮತ್ತೆ ಮೋಹನ್ ಬಾಗಾನ್, 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಬಿ ತಂಡ, 2013ರ ಮೊದಲ ಭಾಗದಲ್ಲಿ ಚರ್ಚಿಲ್ ಬ್ರದರ್ಸ್. ಗೋಡೆಯ ಈ ಐದು ಅಡಿಯಲ್ಲಿ ಏಳು ಬಣ್ಣದ ತುಂಡು. ದೂರದಿಂದ ನೋಡಿದರೆ ಒಬ್ಬ ಆಟಗಾರ ನೆಲೆ ಹುಡುಕ್ತಾ ಇರುವುದು ಕಣ್ಣಿಗೆ ಕಾಣುತ್ತದೆ.

ಈ ಭಾಗಕ್ಕೇ ನಾನು ಜಾಸ್ತಿ ಒತ್ತು ಕೊಟ್ಟೆ. 2009ರಲ್ಲಿ ಇಂಗ್ಲೆಂಡಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಜೊತೆ ಒಪ್ಪಂದ ಆಗಿತ್ತು. ಆದರೆ ಭಾರತ ಫಿಫಾ ಪಟ್ಟಿಯ ಮೊದಲ 70ರೊಳಗೆ ಇಲ್ಲ ಅಂತ ಬ್ರಿಟನ್‌ನಲ್ಲಿ ಕೆಲಸದ ಪರವಾನಗಿ ಸಿಗಲಿಲ್ಲ. ಕಾನ್ಸಸ್ ಸಿಟಿಯಲ್ಲಿ ಲೀಗ್ ಪಂದ್ಯ ಒಂದೂ ಆಡಲು ಸಿಗಲಿಲ್ಲ. ಅಲ್ಲಿದ್ದಾಗ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಒಂದು ಸ್ನೇಹ ಪಂದ್ಯದಲ್ಲಿ ಬದಲಿ ಆಟಗಾರನಾಗಿ ಇಳಿದಿದ್ದರು, ಆ ಪಂದ್ಯವನ್ನು ಕಾನ್ಸಸ್ 2-1ರಿಂದ ಗೆದ್ದಿತು. ಪೋರ್ಚುಗಲ್‌ನಲ್ಲೂ ಮುಖ್ಯ ತಂಡದ ಬಾಗಿಲು ತೆರೆಯಲಿಲ್ಲ. ವಾಪಸ್ ಬಂದು ಚರ್ಚಿಲ್ ಸೇರಿದರು, ಆ ವರ್ಷ ಚರ್ಚಿಲ್ ಆಗಿನ ದೇಶದ ಮುಖ್ಯ ಲೀಗ್ ಆದ ಐ-ಲೀಗ್ ಗೆದ್ದಿತು.

"ಇದನ್ನೆಲ್ಲಾ ಯಾಕ್ ಬರೆಸ್ತೀರಿ, ಕಪ್ ಗೆದ್ದಿದ್ದು ಬರೆಸಿ ಸಾಕು" ಅಂದವರು ನಮ್ಮ ಸ್ಟಾಫ್ ರೂಮಿನಲ್ಲೂ ಇದ್ದರು. ಪೇಂಟರ್ ನನ್ನ ಪರ ನಿಂತರು. ವರ್ಷಕ್ಕೊಂದು ಅಡಿ ಅಂತ ಲೆಕ್ಕ ಹಿಡಿದ ಮೇಲೆ ಮಧ್ಯದ ಜಾಗ ಖಾಲಿ ಬಿಡೋಕಾಗಲ್ಲ ಅಂದರು. ಆ ವಾದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ.

2013ರ ಮಧ್ಯದಿಂದ ಪಟ್ಟಿ ನೀಲಿ. ಬೆಂಗಳೂರು ಎಫ್‌ಸಿ. ಅಲ್ಲಿಂದ ಗೋಡೆಯ ಕೊನೆವರೆಗೂ ನೀಲಿಯೇ. ಮಧ್ಯೆ 2015, 2016ರಲ್ಲಿ ಎರಡು ಸಣ್ಣ ತಿಳಿನೀಲಿ ಗೆರೆ, ಮುಂಬೈ ಸಿಟಿಗೆ ಎರವಲು ಹೋಗಿದ್ದ ತಿಂಗಳುಗಳು. ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) ಭಾರತೀಯನ ಮೊದಲ ಹ್ಯಾಟ್ರಿಕ್ 2015ರಲ್ಲಿ ಮುಂಬೈ ಪರ ಅವರೇ ಹೊಡೆದದ್ದು. ನೀಲಿ ಪಟ್ಟಿಯೊಳಗೆ ಬಿಳಿ ಅಕ್ಷರ: ಕ್ಲಬ್ ಹುಟ್ಟಿದ ವರ್ಷವೇ, 2013-14ರಲ್ಲಿ, ಐ-ಲೀಗ್. 2015-16ರಲ್ಲಿ ಮತ್ತೆ. ಎರಡು ಫೆಡರೇಷನ್ ಕಪ್. 2018ರಲ್ಲಿ ಸೂಪರ್ ಕಪ್, 2018-19ರಲ್ಲಿ ಐಎಸ್‌ಎಲ್, 2022ರಲ್ಲಿ ಡ್ಯುರಾಂಡ್ ಕಪ್. ಏಷ್ಯಾದ ಕ್ಲಬ್‌ಗಳು ಆಡುವ ಎಎಫ್‌ಸಿ ಕಪ್‌ನ 2016ರ ಸೆಮಿಫೈನಲ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್ ಜೊಹೊರ್ ತಂಡವನ್ನು ಕಂಠೀರವದಲ್ಲಿ 3-1ರಿಂದ ಸೋಲಿಸಿದರು, ಎರಡು ಗೋಲು ಛೆಟ್ರಿಯದು. ದೋಹಾದಲ್ಲಿ ನಡೆದ ಫೈನಲ್‌ನಲ್ಲಿ ಇರಾಕಿನ ಏರ್ ಫೋರ್ಸ್ ಕ್ಲಬ್ ಎದುರು 0-1 ಸೋಲು. ಆ ಸೋಲನ್ನೂ ಬರೆಸಿದ್ದೇವೆ, ಅಷ್ಟೇ ದಪ್ಪ ಅಕ್ಷರದಲ್ಲಿ. ಆ ಫೈನಲ್‌ವರೆಗೆ ಹೋದ ಮೊದಲ ಭಾರತೀಯ ಕ್ಲಬ್ ನಮ್ಮ ರಾಜ್ಯದ್ದು.

ಕೆಳಗಿನ ಪಟ್ಟಿ ದೇಶದ್ದು. ಶುರು 2005 ಜೂನ್ 12, ಪಾಕಿಸ್ತಾನದ ಕ್ವೆಟ್ಟಾ. ಮೊದಲ ಪಂದ್ಯ, ಮೊದಲ ಗೋಲು, 1-1 ಸಮ. ನೆಹರು ಕಪ್ ಮೂರು ಸಲ: 2007, 2009, 2012. ದೊಡ್ಡ ಅಕ್ಷರ ಬಿದ್ದಿರುವುದು 2008 ಆಗಸ್ಟ್ 13ಕ್ಕೆ. ದೆಹಲಿಯಲ್ಲಿ ಎಎಫ್‌ಸಿ ಚಾಲೆಂಜ್ ಕಪ್ ಫೈನಲ್, ತಜಿಕಿಸ್ತಾನ ವಿರುದ್ಧ 4-1, ಛೆಟ್ರಿ ಹ್ಯಾಟ್ರಿಕ್. ಆ ಗೆಲುವಿನಿಂದಲೇ ಭಾರತ 27 ವರ್ಷ ಆದ ಮೇಲೆ 2011ರ ಏಷ್ಯನ್ ಕಪ್‌ಗೆ ಹೋಯಿತು. ಅಲ್ಲಿ ಮೂರೂ ಪಂದ್ಯ ಸೋತೆವು. ಬಹ್ರೇನ್ ಮೇಲೆ ಒಂದು, ದಕ್ಷಿಣ ಕೊರಿಯಾ ಮೇಲೆ ಒಂದು ಗೋಲು ಅವರದಿತ್ತು. 2019ರ ಏಷ್ಯನ್ ಕಪ್‌ನಲ್ಲಿ ಥಾಯ್ಲೆಂಡ್ ವಿರುದ್ಧ 4-1 ಗೆಲುವು, ಎರಡು ಗೋಲು. 2023ರಲ್ಲಿ ಬೆಂಗಳೂರಿನಲ್ಲೇ ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಷಿಪ್, ಪಾಕಿಸ್ತಾನದ ಮೇಲೆ ಹ್ಯಾಟ್ರಿಕ್, ಫೈನಲ್‌ನಲ್ಲಿ ಕುವೈತ್ ಎದುರು ಪೆನಾಲ್ಟಿಯಲ್ಲಿ ಗೆಲುವು. ಪ್ರಶಸ್ತಿಗಳಿಗೆ ಒಂದೇ ಸಾಲು: ಅರ್ಜುನ 2011, ಪದ್ಮಶ್ರೀ 2019, ಖೇಲ್ ರತ್ನ 2021.

2018ರ ಜಾಗದಲ್ಲಿ ಒಂದು ಚಿತ್ರ ಇದೆ. ಮುಂಬೈನಲ್ಲಿ ಇಂಟರ್‌ಕಾಂಟಿನೆಂಟಲ್ ಕಪ್‌ನ ಮೊದಲ ಪಂದ್ಯ, ಚೈನೀಸ್ ತೈಪೆ ವಿರುದ್ಧ 5-0, ಛೆಟ್ರಿ ಹ್ಯಾಟ್ರಿಕ್. ಕ್ರೀಡಾಂಗಣದಲ್ಲಿ ಜನ ಎರಡೂವರೆ ಸಾವಿರ. ಬನ್ನಿ, ಬೈಯೋದಾದರೂ ಬಂದು ಬೈಯಿರಿ, ಆದರೆ ಮೈದಾನಕ್ಕೆ ಬನ್ನಿ ಅಂತ ಅವರು ವಿಡಿಯೊ ಮಾಡಿ ಬೇಡಿಕೊಂಡರು. ಮುಂದಿನ ಕೀನ್ಯಾ ಪಂದ್ಯ ಅವರ ನೂರನೆಯದು, ಟಿಕೆಟ್ ಪೂರ್ತಿ ಖಾಲಿ. ಪೇಂಟರ್ ಇದಕ್ಕೆ ಎರಡು ಸಣ್ಣ ಚೌಕ ಬರೆದರು. ಒಂದರಲ್ಲಿ ಖಾಲಿ ಮೆಟ್ಟಿಲು, ಇನ್ನೊಂದರಲ್ಲಿ ತುಂಬಾ ತಲೆಗಳು. ಫುಟ್‌ಬಾಲ್ ನೋಡದ ಮನುಷ್ಯ ಇಷ್ಟನ್ನು ಓದಿ ತಾನೇ ಯೋಚನೆ ಮಾಡಿದ್ದು. ಇದಕ್ಕೆ ನಾನು ಹೇಳಿಯೂ ಇರಲಿಲ್ಲ, ಅವರು ದುಡ್ಡು ಕೇಳಲೂ ಇಲ್ಲ.

ಮುಖ ಬರೆಯಲು ಅವರು ಒಪ್ಪಲಿಲ್ಲ. "ಅಕ್ಷರ ನನ್ನ ಕೆಲಸ, ಮುಖ ಬರೆಯೋರು ಬೇರೆ ಅದಾರ್ರೀ" ಅಂತ ನೇರವಾಗಿ ಹೇಳಿದರು. ಬೆನ್ನು ತೋರಿಸಿ ನಿಂತ ನೀಲಿ ಜೆರ್ಸಿ, ಅದರ ಮೇಲೆ 11, ಅಷ್ಟು ಬರೆದರು. ಬರದೇ ಇರುವುದನ್ನು ಬರುತ್ತದೆ ಅಂತ ಒಪ್ಪಿಕೊಂಡು ಕೆಡಿಸುವವರು ಬೇಕಾದಷ್ಟು ಜನ ಇದ್ದಾರೆ. ಈ ಗುಣಕ್ಕೇ ಪೂರ್ತಿ ಅಂಕ ಕೊಡ್ತೀನಿ.

ಕೆಲಸ ನಡೀತಾ ಇರುವಾಗಲೇ, 2024 ಮೇ 16ರಂದು, ಛೆಟ್ರಿ ದೇಶದ ತಂಡದಿಂದ ನಿವೃತ್ತಿ ಹೇಳಿದರು. ಜೂನ್ 6ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಕುವೈತ್ ವಿರುದ್ಧ ಕೊನೇ ಪಂದ್ಯ. ಗೋಲಿಲ್ಲದೆ ಸಮ ಆಯಿತು. 151 ಪಂದ್ಯ, 94 ಗೋಲು. ಆ ರಾತ್ರಿ ನಾನು ಅತ್ತಿದ್ದು ನಿಜ. ಪಟ್ಟಿ ಮುಗಿಸಿಬಿಡಿ ಅಂತ ಪೇಂಟರ್‌ಗೆ ಫೋನ್ ಮಾಡಿದೆ. ಕ್ಲಬ್‌ಗೆ ಇನ್ನೂ ಆಡ್ತಾರಾ ಅಂತ ಕೇಳಿದರು. ಹೌದು ಅಂದೆ. ಮರುದಿನ ಒಂದು ತಗಡಿನ ತುಂಡು ತಂದರು. ಅದರ ಮೇಲೆ 94 ಅಂತ ಬರೆದು, ಎರಡು ಸ್ಕ್ರೂ ಹಾಕಿ ಗೋಡೆಗೆ ಕೂರಿಸಿದರು. "ಬೆಣ್ಣೆದೋಸೆ ಹೋಟೆಲ್ ಬೋರ್ಡಿಗೆ ರೇಟು ಹಿಂಗೇ ಹಾಕ್ತೀನ್ರೀ ಮೇಡಂ. ಬದಲಾಗೋ ಅಂಕಿ ಗೋಡೆಗೆ ಬರೀಬಾರ್ದು."

2025ರ ಮಾರ್ಚ್‌ನಲ್ಲಿ ಛೆಟ್ರಿ ದೇಶದ ತಂಡಕ್ಕೆ ವಾಪಸ್ ಬಂದರು. ಮಾರ್ಚ್ 19ರಂದು ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ 3-0 ಗೆಲುವು, ಅದರಲ್ಲಿ ಒಂದು ಅವರ ಹೆಡರ್. 95! ಮಕ್ಕಳು ಬೆಳಗ್ಗೆ ಪ್ರಾರ್ಥನೆಗೂ ಮೊದಲು ಆ ತಗಡಿನ ಮುಂದೆ ನಿಂತಿದ್ದರು. ಪೇಂಟರ್ ಬಂದು ತಗಡು ಬಿಚ್ಚಿ, ಹೊಸ ಅಂಕಿ ಬರೆದು ಹಾಕಿ ಹೋದರು. ಖಾಲಿ ಬಿಟ್ಟಿದ್ದ ಜಾಗದಲ್ಲಿ 2025ರ ಅಡಿಯನ್ನೂ ನೀಲಿ ಮಾಡಿದರು. ಅಲ್ಲಿ ಎರಡು ಸಾಲು ಇದೆ. 2024 ಡಿಸೆಂಬರ್ 7, ಕೇರಳ ಬ್ಲಾಸ್ಟರ್ಸ್ ಮೇಲೆ ಹ್ಯಾಟ್ರಿಕ್, ವಯಸ್ಸು 40. ಆ ಐಎಸ್‌ಎಲ್‌ನಲ್ಲಿ ಒಟ್ಟು 14 ಗೋಲು, ಫೈನಲ್‌ನಲ್ಲಿ ಮೋಹನ್ ಬಾಗಾನ್ ಎದುರು ಹೆಚ್ಚುವರಿ ಸಮಯದಲ್ಲಿ 1-2 ಸೋಲು. ಹಸಿರು, ಕೆಂಗಂದಿನಿಂದ ಶುರುವಾದ ಗೋಡೆಯಲ್ಲಿ ಆ ಕ್ಲಬ್ಬಿನ ಹೆಸರು ಎರಡೂ ತುದಿಗೆ ಬಂದಿರುವುದನ್ನು ಮಕ್ಕಳೇ ಮೊದಲು ಗಮನಿಸಿದರು.

ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಇದ್ದಾಳೆ, ನಮ್ಮ ತಂಡದ ಫಾರ್ವರ್ಡ್. ತಂಡದಿಂದ ಹೊರಗುಳಿದ ವಾರ ಗೋಡೆ ಹತ್ತಿರ ಹೋಗಿ ಕಾನ್ಸಸ್ ತುಂಡಿಗೆ ಗೇಣು ಹಾಕಿ ನೋಡ್ತಾ ಇದ್ದಳು. "ಮಿಸ್, ಇಲ್ಲಿ ಇವ್ರು ಆಡ್ಲೇ ಇಲ್ವಾ?" ಅಂದಳು. ಲೀಗ್‌ನಲ್ಲಿ ಆಡಲಿಲ್ಲ ಅಂದೆ. "ಮತ್ತೆ ಏನ್ ಮಾಡ್ತಿದ್ರು?" ಪ್ರಾಕ್ಟೀಸ್ ಅಂದೆ. ಬೂಟು ಕಟ್ಟಿಕೊಂಡು ಹೋದಳು. ನಾವು ಖರ್ಚು ಮಾಡಿದ ದುಡ್ಡು ಅವತ್ತೇ ವಸೂಲಾಯಿತು.

ಇನ್ನು ಕೊರತೆಗಳು. ಸಮಯಕ್ಕೆ ಬರುವುದು ಇವರಿಗೆ ಕಷ್ಟ. ದುರ್ಗಮ್ಮನ ಹಬ್ಬ, ಮದುವೆ ಸೀಸನ್, ಗಣೇಶನ ಹಬ್ಬ ಬಂದರೆ ಸಿಗುವುದೇ ಇಲ್ಲ. ನಮ್ಮ ಕೆಲಸವೂ ಮಧ್ಯೆ ನಿಂತಿತ್ತು, ಫೋನ್ ಎತ್ತಲಿಲ್ಲ. ಶಾಲೆ ಶುರುವಾಗುವ ದಿನ ಹತ್ತಿರ ಬಂದಾಗ ನನಗೆ ಸಿಟ್ಟೂ ಬಂದಿತ್ತು. ಜೂನ್‌ನಲ್ಲಿ ಬೇಕು ಅಂದರೆ ಮಾರ್ಚ್‌ನಲ್ಲೇ ಒಪ್ಪಿಸಿ. ಎರಡನೇದು ಕೆಂಪು ಬಣ್ಣ. ಗೋಡೆ ಪಶ್ಚಿಮಕ್ಕಿದೆ, ಮಧ್ಯಾಹ್ನದ ಬಿಸಿಲು ನೇರ ಬೀಳುತ್ತದೆ. ಈಸ್ಟ್ ಬೆಂಗಾಲ್ ಕೆಂಪು ಒಂದೇ ಬೇಸಿಗೆಗೆ ಪೇಲವ ಆಯಿತು. ತಿಳಿಸಿದ ಮೇಲೆ ಬಂದು ಕೂಲಿ ಇಲ್ಲದೆ ಮತ್ತೆ ಬಳಿದುಕೊಟ್ಟರು, ಬಣ್ಣದ ದುಡ್ಡು ಮಾತ್ರ ನಮ್ಮದು. ಮೊದಲೇ ಒಳ್ಳೆ ಕೆಂಪು ತರಿಸಿ ಅಂತ ಅವರು ಹೇಳಬೇಕಿತ್ತು. ಮೂರನೇದು, ಬಿಲ್ ಇಲ್ಲ. ವೋಚರ್ ಮೇಲೆ ಸಹಿ ಹಾಕ್ತಾರೆ ಅಷ್ಟೇ. ಸರ್ಕಾರಿ ಶಾಲೆಯವರು ಲೆಕ್ಕಪತ್ರಕ್ಕೆ ಇದನ್ನು ಮೊದಲೇ ಎಸ್‌ಡಿಎಂಸಿಯಲ್ಲಿ ಬರೆದು ಒಪ್ಪಿಸಿಕೊಂಡಿರಿ.

ರೇಟು: ನಮಗೆ ಕೂಲಿ ಚದರ ಅಡಿಗೆ 55 ರೂಪಾಯಿ ಬಿತ್ತು, ಪುಟ್ಟಿ, ಬಣ್ಣ ಎಲ್ಲಾ ನಾವೇ ಕೊಡಿಸಿದ್ದು. ಒಟ್ಟು 15,000 ದಾಟಲಿಲ್ಲ. ಅಕ್ಷರ ಕಮ್ಮಿ ಇದ್ದರೆ ಇನ್ನೂ ಕಮ್ಮಿ ಮಾಡ್ತಾರೆ. ತಗಡಿನ ಅಂಕಿ ಬದಲಿಸಿದ್ದಕ್ಕೆ ಚಹಾ ಕುಡಿದು ಹೋದರು, ಬೇರೆ ಏನೂ ತಗೊಳ್ಳಲಿಲ್ಲ.

ಎದುರು ಗೋಡೆ ಖಾಲಿ ಇದೆ. ಅಲ್ಲಿ ಬಾಲಾ ದೇವಿ ಬೇಕು ಅಂತ ಹುಡುಗಿಯರ ತಂಡದವರು ಅರ್ಜಿ ಬರೆದುಕೊಟ್ಟಿದ್ದಾರೆ. ಮಣಿಪುರದ ಫಾರ್ವರ್ಡ್, 2020ರಲ್ಲಿ ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್ ಸೇರಿದವರು. ಪೇಂಟರ್‌ಗೆ ಮುಂಗಡ ಕೊಟ್ಟಾಗಿದೆ, ದಸರಾ ರಜೆಗೆ ಬರ್ತೀನಿ ಅಂದಿದ್ದಾರೆ. ನೀವೂ ಆ ರಜೆಯಲ್ಲೇ ಮಾಡಿಸಬೇಕು ಅಂತಿದ್ದರೆ ನಮ್ಮ ಶಾಲೆಗೆ ಬಂದು ಗೋಡೆ ನೋಡಿ, ಅವರ ಹತ್ತಿರ ದಿನ ಹೊಂದಿಸಿಕೊಳ್ಳೋಣ.